ಔಷಧ ಹಾಕಿದ್ದು ತಡ ಆಗೇತಿ

30 ತಾಸು ಕಾವು ಕೊಟ್ಟ ಕೋಳಿ ತತ್ತಿಗೆ ವಿಂಟ್ (ಕೋಶಗಳ ನಡುವಿನ ಒಂದು ಸಂಕೇತ) ತಡೆಯೋ ಔಷಧ ಹಾಕಿದ್ರೂ ತಲೆ ಭಾಗದ ನ್ಯೂರಲ್ ಕ್ರೆಸ್ಟ್ ಕೋಶ (ಭ್ರೂಣದಾಗ ಹುಟ್ಟಿದ ಜಾಗ ಬಿಟ್ಟು ಬ್ಯಾರೆ ಕಡೆ ಹೋಗೋ ಕೋಶ) ಕಮ್ಮಿ ಆಗಲಿಲ್ಲ ಅಂದ್ರಲ್ಲ, ಬಹುಶಃ ತಡ ಆಗೇತ್ರಿ. ವಿಂಟ್, ಬಿಎಂಪಿ ಅನ್ನೋ ಸಂಕೇತಗಳು ನರಫಲಕದ (ಮುಂದ ಮೆದುಳು, ಬೆನ್ನುಹುರಿ ಆಗೋ ಪದರ) ಅಂಚಿನ ಕೋಶಗಳ ಹಣೆಬರಹ ಬರಿಯಾಕ ಶುರು ಮಾಡೋದು ಅದಕ್ಕಿಂತ ಭಾಳ ಮೊದಲ. 30 ತಾಸಿಗೆ ತಲೆ ಕಡೆ ಕೋಶ ಗುಳೆ ಹೊರಡಾಕ ನಿಂತಿರ್ತಾವ.

ಅದರಾಗ ನೀವು ಬಾಗಲಕೋಟಿಯಿಂದ ವಿಜಯಪುರಕ್ಕ ಬ್ಯಾಸಗಿ ಬಿಸಿಲಾಗ ಬಸ್ಸಿನ್ಯಾಗ ತಂದ ತತ್ತಿ ಅವು. ದಾರಿಯೊಳಗ ಬೆಳವಣಿಗೆ ಶುರು ಆಗಿದ್ದೀತು. ಕಾವು ಕೊಟ್ಟ ತಾಸಿನ ಲೆಕ್ಕ ಒಂದನ್ನ ನಂಬಬ್ಯಾಡ್ರಿ.

ಮೊದಲ ತತ್ತಿ 15 ಡಿಗ್ರಿಯೊಳಗ ಇಡ್ರಿ. ಆಮ್ಯಾಲ 38 ಡಿಗ್ರಿ ಕಾವು ಕೊಟ್ಟು 18–19 ತಾಸಿಗೆ ಆದಿಮ ಗೆರೆ (ಭ್ರೂಣದ ನಡುವ ಮೊದಲಿಗೆ ಮೂಡೋ ಗೆರೆ) ಪೂರ್ತಿ ಉದ್ದ ಆಗೇತೇನು ನೋಡಿ ಔಷಧ ಹಾಕ್ರಿ. ಔಷಧ ಇಲ್ಲದ ಬರೀ ದ್ರಾವಕ ಹಾಕಿದ ನಾಕು ತತ್ತಿ ಹೋಲಿಸಿ ನೋಡಾಕ ಜೋಡಿಗಿರ್ಲಿ. 10 ಸೋಮೈಟ್ (ಬೆನ್ನಿನ ಉದ್ದಕ್ಕೂ ಜೋಡಿಯಾಗಿ ಮೂಡೋ ತುಂಡು) ಮೂಡಿದಾಗ ನ್ಯೂರಲ್ ಕ್ರೆಸ್ಟ್ ಕೋಶದ ಗುರುತಾದ ಸಾಕ್ಸ್10 ಪ್ರೋಟೀನಿಗೆ ಬಣ್ಣ ಹಚ್ಚಿ ಕೋಶ ಎಣಿಸ್ರಿ. ಆಗೂ ಫರಕ ಕಾಣಲಿಲ್ಲಂದ್ರ ಔಷಧದ ಪ್ರಮಾಣ ಏರಿಸಿ ನೋಡ್ರಿ.