ಆಪ್ತಸಲಹೆ ಪ್ರಕರಣ: ಬೇಡ ಎನ್ನಲು ಜಾಗವಿಲ್ಲದ ಕಾರ್ಯಕ್ರಮ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ದೊಡ್ಡ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಮೊದಲ ಭೇಟಿಯಲ್ಲಿ ಕೆಲಸದ ಒತ್ತಡ ಎಂದಷ್ಟೇ ಹೇಳಿದ್ದರು. ಎರಡನೆಯ ಭೇಟಿಯಲ್ಲಿ ಕೈಚೀಲದಿಂದ ನಾಲ್ಕಾಗಿ ಮಡಚಿದ್ದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದು ಹಿಂದಿನ ವರ್ಷ ಅವರು ಏರ್ಪಡಿಸಿದ್ದ ಟೀಂ ಬಿಲ್ಡಿಂಗ್, ಅಂದರೆ ತಂಡ ಕಟ್ಟುವ, ಕಾರ್ಯಕ್ರಮದ ಅಭಿಪ್ರಾಯ ಪತ್ರ. ಎಲ್ಲ ಪ್ರಶ್ನೆಗಳಿಗೂ ಐದಕ್ಕೆ ಐದು ಅಂಕ ಕೊಟ್ಟಿದ್ದ ಆ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಬೇಡ ಎನ್ನಲು ಜಾಗವಿರಲಿಲ್ಲ’ ಎಂದು ಬರೆದಿತ್ತು.

ನಡೆದದ್ದು ಇಷ್ಟು. ಸಹೋದ್ಯೋಗಿಗಳಿಗೆ ಬೆನ್ನು ಮಾಡಿ ನಿಂತು, ಅವರ ಕೈಗಳ ಮೇಲೆ ಹಿಂದಕ್ಕೆ ಬೀಳುವ ಆಟದಲ್ಲಿ ಉದ್ಯೋಗಿಯೊಬ್ಬರು ಹಿಂಜರಿದಾಗ, ಕಾರ್ಯಕ್ರಮ ನಡೆಸುತ್ತಿದ್ದವರು ಮೈಕಿನಲ್ಲಿ ಅವರ ಹೆಸರು ಕೂಗಿ ಸಭೆಯಿಂದ ಚಪ್ಪಾಳೆ ಹೊಡೆಸಿದರು. ಅವರು ಬಿದ್ದರು, ಉಳಿದವರು ಹಿಡಿದರು, ಯಾರಿಗೂ ಗಾಯವಾಗಲಿಲ್ಲ. ಮೂರು ತಿಂಗಳ ನಂತರ ಆ ಉದ್ಯೋಗಿ ವರ್ಗಾವಣೆ ಕೇಳಿದರು. ಈಗ ಮತ್ತೆ ಆರುನೂರು ಜನರಿಗೆ ಕಾರ್ಯಕ್ರಮ ಆಗಬೇಕಿದೆ; ಇಂಥ ಕಾರ್ಯಕ್ರಮ ನಡೆಸಿಕೊಡುವ ಮೂವರು ಪೂರೈಕೆದಾರರ ಕೊಟೇಶನ್‌ಗಳು ಇವರ ಮೇಜಿನ ಮೇಲಿವೆ. ‘ಸಹಿ ಹಾಕಲು ಕೈ ಬರುತ್ತಿಲ್ಲ ಮೇಡಂ’ ಎಂದರು.

ಸಮಾಧಾನದ ಮಾತಿನಿಂದ ಹೋಗುವ ಸಂಕಟ ಅದಾಗಿರಲಿಲ್ಲವಾದ್ದರಿಂದ, ಹಿಂದಿನ ವರ್ಷ ಪೂರೈಕೆದಾರರಿಗೆ ತಾವು ಬರೆದದ್ದನ್ನೆಲ್ಲ ತಂದು ತೋರಿಸುವಂತೆ ಕೇಳಿದೆ. ದಿನಾಂಕ, ಜನಸಂಖ್ಯೆ, ದರದ ಚೌಕಾಸಿ ಎಲ್ಲವೂ ಆ ಪತ್ರಗಳಲ್ಲಿದ್ದವು. ಒಂದರಲ್ಲಿ ‘ಉತ್ಸಾಹದ ವಾತಾವರಣವಿರಲಿ, ಎಲ್ಲರೂ ಭಾಗವಹಿಸಲೇಬೇಕು’ ಎಂದಿತ್ತು. ಅದನ್ನು ಓದಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮೈಕು ಹಿಡಿದವರ ನಡೆ ತಪ್ಪೇ ಆಗಿತ್ತು. ಆದರೆ ಅವರಿಗೆ ಹೋಗಿದ್ದ ಸೂಚನೆ ಇದು. ಹೊಣೆಯಲ್ಲಿ ತಮ್ಮ ಪಾಲೆಷ್ಟು ಎಂಬುದು ಅಳತೆಗೆ ಸಿಕ್ಕಿದ ಮೇಲೆ, ಎಲ್ಲವೂ ತಮ್ಮಿಂದಲೇ ಆಯಿತೆಂಬ ಭಾರ ಸ್ವಲ್ಪ ಇಳಿಯಿತೆಂದು ನನಗನ್ನಿಸಿತು.

ಆ ಪತ್ರಗಳಲ್ಲಿ ಎಲ್ಲಿಯೂ ಇರದಿದ್ದದ್ದು, ಯಾವ ತೊಂದರೆ ನೀಗಬೇಕೆಂಬ ಮಾತು. ಕೆದಕಿ ಕೇಳಿದಾಗ ವಿಷಯ ಹೊರಬಿತ್ತು: ಗ್ರಾಹಕರ ದೂರಿಗೆ ಉತ್ತರಿಸಬೇಕಾದವರು ಯಾರೆಂಬುದು ನಿಗದಿಯಾಗದೆ, ಎರಡು ವಿಭಾಗಗಳು ವರ್ಷಗಳಿಂದ ಪರಸ್ಪರ ದೂರುತ್ತಿದ್ದವು. ಬೀಳುವ ಆಟ ಅದಕ್ಕೆ ಮದ್ದಲ್ಲ. ತಂಡ ಕಟ್ಟುವ ಕಾರ್ಯಕ್ರಮಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 1999 ಮತ್ತು 2009ರ ಎರಡು ವಿಶ್ಲೇಷಣೆಗಳಲ್ಲೂ, ಯಾರ ಕೆಲಸ ಯಾವುದೆಂದು ಸ್ಪಷ್ಟಪಡಿಸುವುದು ಫಲ ಕೊಡುವ ಅಂಶವಾಗಿ ಕಂಡುಬಂದಿದೆ. ಎರಡನೆಯದರಲ್ಲಿ ಗುರಿ ನಿಗದಿಯೂ ಅದರ ಜೊತೆಗಿದೆ. ಹಾಗಾಗಿ, ತೊಂದರೆಯನ್ನು ಒಂದು ಪುಟದಲ್ಲಿ ಬರೆದು ಮೂವರು ಪೂರೈಕೆದಾರರಿಗೂ ಕಳುಹಿಸಿ, ಉತ್ತರ ಬಂದ ಮೇಲೆಯೇ ದರದ ಹಾಳೆ ತೆರೆಯಿರಿ ಎಂದು ಸಲಹೆ ಕೊಟ್ಟೆ.

ಮಾತುಕತೆಗೆ ಅನುಭವಿಗಳು ಬಂದು, ಕಾರ್ಯಕ್ರಮದ ದಿನ ದಿನಗೂಲಿಯ ಹೊಸಬರು ನಿಲ್ಲುವುದುಂಟು. ಆದ್ದರಿಂದ ಗುಂಪುಗಳನ್ನು ನಡೆಸುವವರ ಹೆಸರುಗಳು, ಬದಲಿ ಬಂದರೆ ಮುಂಚಿತವಾಗಿ ತಿಳಿಸುವ ಷರತ್ತು, ವಿಮೆ, ರದ್ದತಿಯ ನಿಯಮ ಇವೆಲ್ಲ ಕರಾರಿನಲ್ಲಿರಲಿ ಎಂದೆ. ಹಳೆಯ ಗ್ರಾಹಕರನ್ನು ವಿಚಾರಿಸುವಾಗ ‘ಹೇಗಿತ್ತು’ ಎನ್ನುವ ಬದಲು ‘ಆರು ತಿಂಗಳ ನಂತರ ಏನು ಬದಲಾಗಿತ್ತು’ ಎಂದು ಕೇಳಲು ಹೇಳಿದೆ.

ನಾನು ಹೆಚ್ಚು ಒತ್ತಿ ಹೇಳಿದ್ದು ನಿರಾಕರಣೆಯ ಹಕ್ಕನ್ನು. ಯಾವ ಆಟದಲ್ಲಿ ಏನಿರುತ್ತದೆ ಎಂಬುದು ಉದ್ಯೋಗಿಗಳಿಗೆ ಮೊದಲೇ ತಿಳಿದಿರಬೇಕು, ಕಾರಣ ಕೊಡದೆ ಖಾಸಗಿಯಾಗಿ ‘ಬೇಡ’ ಎನ್ನಲು ಆಗಬೇಕು, ಬೇಡವೆಂದವರಿಗೆ ಅಷ್ಟೇ ಗೌರವದ ಬೇರೆ ಪಾತ್ರವಿರಬೇಕು. ಬೇಡವೆಂದವರ ಪಟ್ಟಿ ವ್ಯವಸ್ಥಾಪಕರ ಕೈ ಸೇರಬಾರದು. ಸಭೆಯ ಮುಂದೆ ಕೇಳಿದ ಒಪ್ಪಿಗೆಯನ್ನು ನಾನು ಒಪ್ಪಿಗೆಯೆಂದು ಎಣಿಸುವುದಿಲ್ಲ.

ಐದಕ್ಕೆ ಐದು ಅಂಕಗಳ ಬಗ್ಗೆಯೂ ಮಾತಾಯಿತು. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ ಎಂಬ ನಾಲ್ಕು ಹಂತಗಳನ್ನು ಹೇಳಿದ್ದರು. ಅದೇ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರ ಹೆಚ್ಚೆಂದರೆ ಮೊದಲನೆಯದನ್ನು ತಿಳಿಸುತ್ತದೆ. ಆ ಎರಡು ವಿಭಾಗಗಳ ನಡುವೆ ಎಷ್ಟು ದೂರುಗಳು ಅತ್ತಿತ್ತ ಅಲೆದಾಡಿದವೆಂದು ಮೂರು ತಿಂಗಳ ನಂತರ ಎಣಿಸುವುದಾಗಿ ಅವರೇ ನಿರ್ಧರಿಸಿದರು.

ಪೂರೈಕೆದಾರರಲ್ಲಿ ಇಬ್ಬರು ಹಳೆಯ ಆಟಗಳ ಪಟ್ಟಿಯನ್ನೇ ಹೊಸ ತಲೆಬರಹದಲ್ಲಿ ಕಳುಹಿಸಿದರು. ಮೂರನೆಯವರು, ದರ ಹೇಳುವ ಮೊದಲು ಎರಡೂ ವಿಭಾಗಗಳ ಕೆಲವರೊಂದಿಗೆ ಮಾತನಾಡಬೇಕೆಂದು ಕೇಳಿದರು. ಕೆಲಸ ಅವರಿಗೇ ಹೋಯಿತು.

ವರ್ಗಾವಣೆಯಾದ ಉದ್ಯೋಗಿಗೆ, ಕ್ಷಮೆಯನ್ನು ನಿರೀಕ್ಷಿಸದೆ, ಒಂದು ಪತ್ರ ಬರೆಯಬಹುದೆಂದು ಸೂಚಿಸಿದ್ದೆ. ಬರೆದರು. ಹತ್ತು ದಿನಗಳ ನಂತರ ಬಂದ ಉತ್ತರದಲ್ಲಿ, ಭೇಟಿ ಬೇಡ, ಈ ಸಲದ ಷರತ್ತುಗಳ ಪ್ರತಿ ಕಳುಹಿಸಿ ಎಂದಷ್ಟೇ ಇತ್ತು. ಅದನ್ನು ಕಳುಹಿಸಿದ್ದಾರೆ. ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮುಂದಿನ ಭೇಟಿ ಕಾರ್ಯಕ್ರಮದ ಮರುವಾರಕ್ಕೆ ನಿಗದಿಯಾಗಿದೆ.