ಕಂಪ್ರೆಸರ್ ಹಾಕಿದರೂ ದನಿ ಏರಿಳಿಯುವುದು ಯಾಕೆ?

ನೀವು ಕೇಳಿದ್ದು ಎರಡು: ರೆಕಾರ್ಡ್ ಮಾಡಿದ ಹಾಡಿಗೆ ಕಂಪ್ರೆಸರ್ (ಜೋರಾದ ದನಿಯನ್ನು ತಾನೇ ತಗ್ಗಿಸುವ ಸಾಧನ) ಹಾಕಿದ ಮೇಲೂ ಕೆಲವು ಪದ ಜೋರು, ಕೆಲವು ಮೆಲ್ಲಗೆ ಯಾಕೆ? ಫ್ಯಾನ್ ಸದ್ದು ಹೆಚ್ಚಾದದ್ದು ಯಾಕೆ?

ಎರಡನೆಯದಕ್ಕೆ ಮೇಕಪ್ ಗೇನ್ (ತಗ್ಗಿದ್ದನ್ನು ತುಂಬಲು ಕೊನೆಗೆ ಇಡೀ ದನಿಯನ್ನು ಏರಿಸುವುದು) ಕಾರಣ. ಕಂಪ್ರೆಸರ್ ಯಾವುದನ್ನೂ ಜೋರು ಮಾಡುವುದಿಲ್ಲ, ಥ್ರೆಶೋಲ್ಡ್ ಎಂಬ ಗೆರೆ ದಾಟಿದ್ದನ್ನು ತಗ್ಗಿಸುತ್ತದೆ ಅಷ್ಟೇ. ಥ್ರೆಶೋಲ್ಡ್ -20 ಡಿಬಿ (ಡೆಸಿಬಲ್, ದನಿಮಟ್ಟದ ಅಳತೆ), ರೇಶಿಯೋ (ತಗ್ಗಿಸುವ ಪ್ರಮಾಣ) 4:1 ಅನ್ನಿ. ಚರಣದ ಮೇಲಿನ ಸ್ವರ -8ಕ್ಕೆ ಹೋದರೆ ಗೆರೆ ದಾಟಿದ್ದು 12 ಡಿಬಿ. ಅದರ ಕಾಲು ಭಾಗ, ಅಂದರೆ 3 ಡಿಬಿ ಮಾತ್ರ ಉಳಿದು -17 ಆಗುತ್ತದೆ. ಹೋದ 9 ಡಿಬಿಯನ್ನು ಮೇಕಪ್ ಗೇನ್‌ನಲ್ಲಿ ತುಂಬಿದಿರೋ, -55ರಲ್ಲಿ ಸುಮ್ಮನಿದ್ದ ಫ್ಯಾನ್ -46ಕ್ಕೆ ಬಂದು ಕೂರುತ್ತದೆ.

ಹಾಗಾಗಿ ಅರ್ಧ ಕೆಲಸ ಕಂಪ್ರೆಸರ್‌ಗಿಂತ ಮುಂಚೆಯೇ ಆಗಬೇಕು. ಸಾಲುಸಾಲಾಗಿ ಕ್ಲಿಪ್ ಕತ್ತರಿಸಿ, ಮೆಲ್ಲಗಿರುವುದನ್ನು 3-4 ಡಿಬಿ ಏರಿಸಿ, ಕಿರುಚಿದ್ದನ್ನು ಅಷ್ಟೇ ಇಳಿಸಿ. ಇದನ್ನು ಆ ತುಂಡಿನದೇ ಮಟ್ಟವಾದ ಕ್ಲಿಪ್ ಗೇನ್‌ನಲ್ಲೇ ಮಾಡಿ. ಇಡೀ ಟ್ರ್ಯಾಕಿನ ಮಟ್ಟ ಏರಿಳಿಸುವ ಫೇಡರ್ ಸಾಮಾನ್ಯವಾಗಿ ಕಂಪ್ರೆಸರ್ ಮುಂತಾದ ಪ್ಲಗಿನ್‌ಗಳ ನಂತರ ಬರುವುದರಿಂದ ಅಲ್ಲಿ ಏನು ಮಾಡಿದರೂ ಕಂಪ್ರೆಸರ್‌ಗೆ ಗೊತ್ತಾಗುವುದಿಲ್ಲ.

ಆಮೇಲೆ ರೇಶಿಯೋ 3:1, ಅಟ್ಯಾಕ್ (ತಗ್ಗಿಸಲು ಹಿಡಿಯುವ ಸಮಯ) 10-15 ಮಿಲಿಸೆಕೆಂಡ್, ರಿಲೀಸ್ (ಬಿಟ್ಟು ಮರಳಲು ಹಿಡಿಯುವ ಸಮಯ) 80-100 ಇಟ್ಟು, ಎಷ್ಟು ತಗ್ಗಿತೆಂದು ತೋರಿಸುವ ಗೇನ್ ರಿಡಕ್ಷನ್ ಮೀಟರ್ ನೋಡುತ್ತಾ ಥ್ರೆಶೋಲ್ಡ್ ಇಳಿಸುತ್ತಾ ಬನ್ನಿ. ಜೋರಾದ ಪದಕ್ಕೆ 4-6 ಡಿಬಿ ತೋರಿಸಿ, ಮೆಲ್ಲಗಿನ ಪದಕ್ಕೆ ಸೊನ್ನೆಗೆ ಮರಳಬೇಕು. ಮುಳ್ಳು ಮರಳುವುದೇ ಇಲ್ಲವೆಂದರೆ ಥ್ರೆಶೋಲ್ಡ್ ಅತಿಯಾಗಿ ಇಳಿದಿದೆ, ಇಲ್ಲವೇ ರಿಲೀಸ್ ತೀರಾ ನಿಧಾನವಾಗಿದೆ. ರಿಲೀಸ್ ನಿಧಾನವಾದರೆ ಎಲ್ಲ ಪದವೂ ಒಟ್ಟಿಗೆ ತಗ್ಗುತ್ತವೆ, ಏರಿಳಿತ ಬಹುಪಾಲು ಹಾಗೆಯೇ ಉಳಿಯುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಬಹುಶಃ ಇದೇ ಉತ್ತರ.

ಅಟ್ಯಾಕ್ 1 ಮಿಲಿಸೆಕೆಂಡ್‌ಗೆ ಇಳಿಸಿದರೆ ಕ, ತ, ಪಗಳ ಮೊನೆ ಮೊಂಡಾಗಿ ದನಿ ತಬಲಾದ ಹಿಂದೆ ಸರಿಯುತ್ತದೆ. ರಿಲೀಸ್ ಅರ್ಧ ಸೆಕೆಂಡ್ ಇದ್ದರೆ ಒತ್ತಿ ಹೇಳಿದ ಪದದ ಬೆನ್ನಿಗೇ ಬರುವ ಮೆಲು ಪದ ನುಂಗಿಹೋಗುತ್ತದೆ. ಕನ್ನಡದ ಸಾಲು ಕ್ರಿಯಾಪದದಲ್ಲಿ ಇಳಿದು ಮುಗಿಯುವುದೇ ಹೆಚ್ಚು, ಪೆಟ್ಟು ಬೀಳುವುದು ಅಲ್ಲಿಗೇ.

ಇನ್ನೂ ಹಿಡಿತ ಬೇಕಿದ್ದರೆ ಒಂದೇ ಕಂಪ್ರೆಸರ್‌ನಿಂದ 10 ಡಿಬಿ ಹಿಂಡಬೇಡಿ. 1176 ಎಂಬ ಹೆಸರಾಂತ ಕಂಪ್ರೆಸರ್ ಬಗೆಯ ಚುರುಕಾದದ್ದರಲ್ಲಿ 2-3 ಡಿಬಿ, ನಂತರ ಎಲ್‌ಎ-2ಎ ಬಗೆಯ ನಿಧಾನದ್ದರಲ್ಲಿ 3 ಡಿಬಿ ತೆಗೆಯಿರಿ. 1176ರ ಅಟ್ಯಾಕ್ ಗುಂಡಿ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ವೇಗ. ಅದರ ಅತಿ ನಿಧಾನವೇ 0.8 ಮಿಲಿಸೆಕೆಂಡ್, ಅದಕ್ಕೇ ಅಲ್ಲಿ 2-3 ಡಿಬಿ ಮೀರಬೇಡಿ.

ಈಗ ಸ, ಶ ಚುಚ್ಚತೊಡಗುತ್ತವೆ. ಸ್ವರಾಕ್ಷರಗಳು ತಗ್ಗಿದವು, ಇವು ಥ್ರೆಶೋಲ್ಡ್ ಕೆಳಗೇ ತಪ್ಪಿಸಿಕೊಂಡವು. 5-8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್ (ಸ, ಶಗಳ ಚುಚ್ಚುವಿಕೆಯನ್ನಷ್ಟೇ ತಗ್ಗಿಸುವ ಸಾಧನ) 3-4 ಡಿಬಿ ಸಾಕು. ಹೆಚ್ಚಾದರೆ ಹಾಡುವವರ ನಾಲಿಗೆ ತೊದಲಿದ ಹಾಗೆ ಕೇಳುತ್ತದೆ.

ಫ್ಯಾನ್‌ಗೆ ಗೇಟ್ (ಮೆಲು ಸದ್ದನ್ನು ಪೂರ್ತಿ ಮುಚ್ಚುವ ಸಾಧನ) ಹಾಕಬೇಡಿ: ಆಲಾಪದ ಬಾಲ ಕತ್ತರಿಸುತ್ತದೆ, ದನಿ ಬಂದಾಗಲೆಲ್ಲ ಫ್ಯಾನೂ ಜೊತೆಗೇ ಬರುತ್ತದೆ. ಕಂಪ್ರೆಸರ್‌ಗೆ ಮುಂಚೆ ಮೆಲು ಸದ್ದನ್ನು ಸ್ವಲ್ಪವೇ ತಗ್ಗಿಸುವ 2:1 ಎಕ್ಸ್‌ಪಾಂಡರ್ ಇಟ್ಟು, ರೇಂಜ್ (ಅದು ತಗ್ಗಿಸುವ ಮಿತಿ) 6-8 ಡಿಬಿ ಮೀರದಂತೆ ನೋಡಿಕೊಳ್ಳಿ. ರೆಕಾರ್ಡ್ ಮಾಡುವ ಐದು ನಿಮಿಷ ಫ್ಯಾನ್ ಆರಿಸಿದರೆ ಇದ್ಯಾವುದೂ ಬೇಡ.