ನಾಡಬಂದೂಕಿಗೆ ತೋಟಾ ಎಲ್ಲಿಂದ ಬಂತು?

ಗೌರಿಬಿದನೂರಿನಿಂದ ‘ಗುಂಡಿನ ಸಾಕ್ಷ್ಯ’ ಎಂಬ ಲೇಖನ ಕಳಿಸಿದ ನಿಮಗೆ ತುಮಕೂರಿನಿಂದ ನಮಸ್ಕಾರಗಳು.

ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ವಿಷಯ ನಮ್ಮ ಪತ್ರಿಕೆಗೆ ಹೊಸದು, 1929ರ ಶಿಕಾಗೊ ಹತ್ಯಾಕಾಂಡದಲ್ಲಿ ಸಿಕ್ಕ ಗುಂಡುಗಳನ್ನೂ ಹಾರಿದ ಮೇಲೆ ಉಳಿಯುವ ಲೋಹದ ಕೋಶಗಳಾದ ತೋಟಾಗಳನ್ನೂ ಬಂದೂಕು ತಜ್ಞ ಕ್ಯಾಲ್ವಿನ್ ಗೊಡ್ಡಾರ್ಡ್ ಸೂಕ್ಷ್ಮದರ್ಶಕದಡಿ ಹೋಲಿಸಿ ನೋಡಿದ ಭಾಗ ಚೆನ್ನಾಗಿ ಬಂದಿದೆ. ಇಷ್ಟು ಹೇಳಿ ತಕರಾರಿಗೆ ಬರುತ್ತೇನೆ, ಏಕೆಂದರೆ ಎರಡನೆಯ ಸಲ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ನೀವು ಲೇಖನವನ್ನು ಪಾವಗಡದ ಕಡಲೆಕಾಯಿ ಹೊಲವೊಂದರ ಕಲ್ಪಿತ ಪ್ರಸಂಗದಿಂದ ಆರಂಭಿಸಿದ್ದೀರಿ. ಕಾಡುಹಂದಿ ಕಾಯಲು ಕೂತವನ ನಾಡಬಂದೂಕಿನ ಈಡು ಪಕ್ಕದ ಹೊಲದವನಿಗೆ ತಗಲುತ್ತದೆ, ಬೆಳಿಗ್ಗೆ ಪೊಲೀಸರು ಬರುತ್ತಾರೆ, ಆಮೇಲೆ ಈ ವಾಕ್ಯ: “ಬದುವಿನ ಬಳಿ ಬಿದ್ದಿದ್ದ ಖಾಲಿ ತೋಟಾದಿಂದಲೂ ದೇಹದಲ್ಲಿದ್ದ ಚರೆಗಳ ಮೇಲಿನ ನಳಿಗೆಯ ಗೀರುಗಳಿಂದಲೂ ಬಂದೂಕು ಯಾವುದೆಂಬುದು ದೃಢಪಟ್ಟಿತು.”

ನಾಡಬಂದೂಕಿಗೆ ಮದ್ದು ತುಂಬುವುದನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ? ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಮೇಲೆ ನಾರನ್ನೋ ಬಟ್ಟೆ ಚೂರನ್ನೋ ತುರುಕಿ, ಗಜದಿಂದ ಜಡಿದು, ಸಣ್ಣ ಗುಂಡುಗಳಾದ ಚರೆ ಹಾಕಿ, ಅದು ಉರುಳದಂತೆ ಇನ್ನಷ್ಟು ನಾರು ತುರುಕಿ, ಕೊನೆಗೆ ಬಡಿಯುವ ಸುತ್ತಿಗೆಯಂತಿರುವ ಕುದುರೆಯ ಕೆಳಗೆ ಕಿಡಿ ಹೊತ್ತಿಸುವ ಕೇಪು ಕೂರಿಸುತ್ತಾರೆ. ಇದರಲ್ಲಿ ತೋಟಾ ಎಂಬ ವಸ್ತುವೇ ಇಲ್ಲದಿರುವಾಗ ಅದು ಬದುವಿನ ಬಳಿ ಬೀಳುವುದಾದರೂ ಹೇಗೆ? ಗೀರುಗಳ ಕಥೆಯೂ ಹಾಗೆಯೇ. ಗುಂಡು ತಿರುಗುತ್ತ ಸಾಗಲೆಂದು ಪಿಸ್ತೂಲು, ರೈಫಲುಗಳ ನಳಿಗೆಯೊಳಗೆ ಸುರುಳಿಗೆರೆ ಕೊರೆದಿರುತ್ತಾರೆ, ಗುಂಡಿನ ಮೇಲೆ ಮೂಡುವುದು ಆ ಗೆರೆಗಳ ಅಚ್ಚು. ಚರೆ ಹಾರಿಸುವ ನಾಡಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತದೆ, ಅಂಥ ಅಚ್ಚು ಮೂಡಲು ಅಲ್ಲಿ ಗೆರೆಯೇ ಇಲ್ಲ.

ನನಗೆ ಬೇಸರವಾದದ್ದು ಅಲ್ಲಿ ನಿಜವಾಗಿ ಸಿಗಬಹುದಾಗಿದ್ದ ಸಾಕ್ಷ್ಯವನ್ನು ನೀವು ಕೈಬಿಟ್ಟದ್ದಕ್ಕೆ. ಚರೆ ಎಷ್ಟು ಅಗಲಕ್ಕೆ ಹರಡಿದೆ ಎಂಬುದರಿಂದ ಎಷ್ಟು ದೂರದಿಂದ ಹೊಡೆದದ್ದು ಎಂದು ಅಂದಾಜು ಮಾಡುತ್ತಾರೆ, ಅದಕ್ಕೆ ಅದೇ ಬಂದೂಕಿನಿಂದ ಬೇರೆ ಬೇರೆ ದೂರಕ್ಕೆ ಹಾರಿಸಿ ಹೋಲಿಸಬೇಕು. ಅರೆಬೆಂದ ಬಟ್ಟೆ ಚೂರೊಂದು ಸಿಕ್ಕರೆ ಅದು ಯಾವ ಪಂಚೆಯಿಂದ ಹರಿದದ್ದು ಎಂದು ಹುಡುಕಬಹುದು. 1784ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಜಾನ್ ಟಾಮ್ಸ್ ಎಂಬವನಿಗೆ ಶಿಕ್ಷೆಯಾದದ್ದು ಇಂಥದರಿಂದಲೇ: ಗಾಯದೊಳಗೆ ಸಿಕ್ಕ ಕಾಗದದ ತುರುಕು ಅವನ ಜೇಬಿನಲ್ಲಿದ್ದ ಹರಿದ ಕಾಗದಕ್ಕೆ ಸರಿಯಾಗಿ ಕೂತಿತು.

ಇನ್ನು ನಾಲ್ಕನೆಯ ಪುಟ. “ಅಮೆರಿಕದ ಅಧ್ಯಯನದಲ್ಲಿ ಇಂಥ ಪರೀಕ್ಷೆಯ ತಪ್ಪು ಕೇವಲ ಶೇ 1 ಎಂದು ದೃಢಪಟ್ಟಿದೆ.” ಮತ್ತೆ ಅದೇ ‘ದೃಢಪಟ್ಟಿದೆ’. ಒಂದು ಎಂದರೆ ಯಾವುದರಲ್ಲಿ ಒಂದು? ನೀವು ಹೇಳುತ್ತಿರುವುದು ಅಮೆರಿಕದ ಏಮ್ಸ್ ಪ್ರಯೋಗಾಲಯದ 2014ರ ಅಧ್ಯಯನ ಎಂದುಕೊಳ್ಳುತ್ತೇನೆ. ಅಲ್ಲಿ 218 ಪರೀಕ್ಷಕರಿಗೆ ಕೊಟ್ಟದ್ದು ರೂಗರ್ ಕಂಪನಿಯ 25 ಹೊಸ ಪಿಸ್ತೂಲುಗಳಿಂದ ಹಾರಿದ ತೋಟಾಗಳನ್ನು, ಅಂದರೆ ನಿಮ್ಮ ಪಾವಗಡದ ಬಂದೂಕಿನಲ್ಲಿ ಇಲ್ಲದ ವಸ್ತುವನ್ನೇ. ಬೇರೆ ಬೇರೆ ಪಿಸ್ತೂಲಿನವೇ ಆಗಿದ್ದ 2,178 ಹೋಲಿಕೆಗಳಲ್ಲಿ 22ನ್ನು ಅವರು ‘ಒಂದೇ ಪಿಸ್ತೂಲಿನವು’ ಎಂದು ತಪ್ಪಾಗಿ ಹೇಳಿದರು. ನಿಮ್ಮ ಶೇ 1 ಇದೇ. ಆದರೆ 735 ಹೋಲಿಕೆಗಳಲ್ಲಿ ಉತ್ತರ ‘ಹೇಳಲಾಗದು’ ಎಂದಿತ್ತು. ಹುಡುಗನೊಬ್ಬ ಮೂರರಲ್ಲೊಂದು ಪ್ರಶ್ನೆಯನ್ನು ಬಿಟ್ಟು ಬಂದರೆ ಬಿಟ್ಟದ್ದನ್ನೂ ಸರಿಯುತ್ತರದ ಲೆಕ್ಕಕ್ಕೆ ಹಿಡಿಯುತ್ತೇವೆಯೇ? 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಆ 735ನ್ನು ಬದಿಗಿಟ್ಟು, ಉಳಿದ 1,443ರಲ್ಲಿ 22, ಅಂದರೆ ಸುಮಾರು 66ಕ್ಕೆ ಒಂದು ತಪ್ಪು ಎಂದಿತು, ಅದು 46ಕ್ಕೆ ಒಂದರಷ್ಟೂ ಇರಬಹುದು ಎಂದು ಸೇರಿಸಿತು. ಆ 22ರಲ್ಲಿ 20 ತಪ್ಪುಗಳು ಕೇವಲ ಐವರವು ಎಂಬುದು ನನ್ನ ಮಟ್ಟಿಗೆ ಇಡೀ ಅಧ್ಯಯನದ ಬಹುಮುಖ್ಯ ಸಂಗತಿ, ಏಕೆಂದರೆ ಕಟಕಟೆಯಲ್ಲಿ ನಿಂತವನ ಪಾಲಿಗೆ ತನ್ನ ತೋಟಾ ಆ ಐವರಲ್ಲೊಬ್ಬರ ಮೇಜಿಗೆ ಹೋಯಿತೇ ಎಂಬುದೇ ಪ್ರಶ್ನೆ. ನೋಡಿದವರು ಯಾರು ಎಂಬುದನ್ನು ‘ದೃಢಪಟ್ಟಿದೆ’ ಎಂಬ ನಿಮ್ಮ ಕ್ರಿಯಾಪದ ನುಂಗಿಹಾಕಿದೆ.

ಈ ಕ್ರಿಯಾಪದದ ಮೇಲೆ ನನಗೆ ಹಳೆಯ ದ್ವೇಷವಿದೆ. ಜಿಲ್ಲಾ ಪತ್ರಿಕೆಯೊಂದರಲ್ಲಿ ನಾನು ಕಲಿಯುತ್ತಿದ್ದ ಮೊದಲ ವರ್ಷ, ಮಧುಗಿರಿ ಕಡೆಯ ರೈತನೊಬ್ಬ ಬಂದೂಕಿನ ಈಡಿನಿಂದ ಗಾಯಗೊಂಡನೆಂದು ಬರೆದು, ಎಂಟು ಸಾಲಿನೊಳಗೆ ಮೂರು ಸಲ ‘ತಿಳಿದುಬಂದಿದೆ’ ಎಂದಿದ್ದೆ. ಹಿರಿಯ ಉಪಸಂಪಾದಕರು ಮೂರಕ್ಕೂ ಸುತ್ತು ಹಾಕಿ, “ಯಾರಿಗಯ್ಯಾ ತಿಳಿದದ್ದು, ಬಂದದ್ದು ಯಾವ ಬಸ್ಸಿಗೆ?” ಎಂದು ಕೇಳಿದರು. ಮರುದಿನ ನಾನೇ ಕೊರಟಗೆರೆ ಮಾರ್ಗದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಆ ಮನುಷ್ಯ ಬ್ಯಾಂಡೇಜು ಸುತ್ತಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ಗಂಜಿ ಕುಡಿಯುತ್ತಿದ್ದ. ಎರಡು ಬೆರಳು ಹೋಗಿದ್ದವು. ಬಂದೂಕು ಇರಲೇ ಇಲ್ಲ. ಹಂದಿಗೆಂದು ಯಾರೋ ಇಟ್ಟಿದ್ದ ಸಿಡಿಮದ್ದಿನ ಉಂಡೆಯನ್ನು ಏನೆಂದು ತಿಳಿಯದೆ ಎತ್ತಿಕೊಂಡಿದ್ದ. ನಾನು ಯಾರನ್ನು ನಂಬಿ ಬಂದೂಕು ಎಂದು ಬರೆದೆನೋ ಆ ಪೇದೆಯೂ ಸ್ಥಳಕ್ಕೆ ಹೋಗಿರಲಿಲ್ಲ, ಅವರಿಗೂ ‘ತಿಳಿದುಬಂದಿತ್ತು’ ಅಷ್ಟೇ.

ಲೇಖನವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ‘ದೃಢಪಟ್ಟಿದೆ’ ಒಟ್ಟು ಹನ್ನೊಂದು ಕಡೆ ಇದೆ, ಎಲ್ಲಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ಪ್ರತಿಯೊಂದರ ಜಾಗದಲ್ಲೂ ಯಾರು, ಏನನ್ನು, ಯಾವುದರೊಂದಿಗೆ ಇಟ್ಟು ನೋಡಿದರು ಎಂದು ಬರೆಯಿರಿ. ಬರೆಯಲಾಗದಿದ್ದರೆ ವಾಕ್ಯವನ್ನೇ ಹೊಡೆದುಹಾಕಿ. ಪಾವಗಡದವನ ಕೈಗೆ ಪಿಸ್ತೂಲು ಕೊಡುತ್ತೀರೋ ನಾಡಬಂದೂಕನ್ನೇ ಉಳಿಸುತ್ತೀರೋ ನಿಮಗೆ ಬಿಟ್ಟದ್ದು. ನಾಡಬಂದೂಕನ್ನೇ ಉಳಿಸುವುದಾದರೆ ಬದುವಿನ ಬಳಿಯ ತೋಟಾ ಎತ್ತಿ, ಅಲ್ಲಿ ಅರೆಬೆಂದ ಬಟ್ಟೆ ಚೂರು ಇಡಿ.